ಹನ್ನೆರಡನೇ ಅಚ್ಚು

ನನ್ನ ಮೇಲಿನ ದವಡೆ ಮೂರನೇ ಕ್ಲಾಸಿನಲ್ಲೇ ನಿಂತುಹೋಯಿತು. ಕೆಳಗಿನದು ನನ್ನ ಜೊತೆ ಪಿಯುಸಿಗೆ ಬಂದಿದೆ.

ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿದರೆ ಉರಿ ಸ್ವಲ್ಪ ಕಡಿಮೆ. ಹುಟ್ಟುವಾಗಲೇ ನನ್ನ ತುಟಿ ಸೀಳಿತ್ತು. ಬಾಯಿಯ ಒಳಗಿನ ಅಂಗುಳವೂ ಸೀಳಿತ್ತು. ಐದು ತಿಂಗಳಿಗೆ ತುಟಿ ಹೊಲಿದರು, ಒಂದೂವರೆ ವರ್ಷಕ್ಕೆ ಅಂಗುಳ ಹೊಲಿದರು. ಎರಡೂ ಪುಕ್ಕಟೆ. ಹೊಲಿಗೆ ಚೆನ್ನಾಗಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಲಿದ ಜಾಗ ಗಡಸಾಗುತ್ತದೆ. ಗಡಸಾದ ಜಾಗ ಬೆಳೆಯಲು ಬಿಡುವುದಿಲ್ಲ. ನಾನು ಬೆಳೆದೆ, ಮುಖದ ನಡುಭಾಗ ಹಿಂದೆ ಉಳಿಯಿತು. ಈಗ ಹದಿನೇಳು ವರ್ಷ. ಮೂಗಿನ ಕೆಳಗೆ ಕುಸಿದಿದೆ, ಗದ್ದ ಮುಂದೆ ಬಂದಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹಿಂದೆ ಹೋಗಿ ಕೂರುತ್ತದೆ. ರೊಟ್ಟಿ ಕಚ್ಚಲು ಆಗುವುದಿಲ್ಲ, ಹರಿದು ತುರುಕಿಕೊಳ್ಳಬೇಕು. ಪೇರಲೆ ಹಣ್ಣನ್ನು ಇವತ್ತಿಗೂ ಅವ್ವ ಕಚ್ಚಿ ಕೊಡುತ್ತಾಳೆ.

ಹೆಸರು ಚೌಡೇಶ್ವರಿ. ಆ ಹೆಸರಿನಲ್ಲಿ ನನ್ನ ಬಾಯಿಗೆ ಸಲೀಸಾಗಿ ಬರುವ ಅಕ್ಷರ ಒಂದೂ ಇಲ್ಲ. ಮಾತೆಲ್ಲ ಮೂಗಿನಿಂದ ಹೋಗುತ್ತದೆ. ನಾನು ಆಡಿದ ಮಾತನ್ನು ಇಲ್ಲಿ ನೆಟ್ಟಗೆ ಬರೆದಿದ್ದೇನೆ. ಅವು ಹೀಗೆ ನೆಟ್ಟಗೆ ಬರಲಿಲ್ಲ ಎಂಬುದು ಓದುವವರಿಗೆ ಗೊತ್ತಿರಲಿ.

ಅವ್ವ ಹುಲಿಯಮ್ಮ ಶುಂಠಿ ಕೆಲಸದವಳು. ನಮ್ಮೂರು ಜಡೆಯ ಸುತ್ತಮುತ್ತ ಶುಂಠಿ ಹಾಕಿದ ಹೊಲಗಳಲ್ಲಿ ಕೀಳುವುದು, ಮಣ್ಣು ಉದುರಿಸುವುದು, ಬೇರು ಕತ್ತರಿಸುವುದು, ಚೀಲ ತುಂಬುವುದು. ಅಂಗೈ ಸದಾ ಉರಿಯುತ್ತದೆ. ಮರೆತು ಆ ಕೈಯಲ್ಲಿ ಕಣ್ಣು ಒರೆಸಿಕೊಂಡರೆ ಆ ಹೊತ್ತಿನ ಕೆಲಸ ಕೆಟ್ಟಿತು. ನಾನು ಹೊಟ್ಟೆಯಲ್ಲಿದ್ದಾಗ ಒಂದು ಸೂರ್ಯಗ್ರಹಣ ಬಂತು. ಶಿಕಾರಿಪುರದ ಸಾಹುಕಾರ ಶಿವಮೂರ್ತಪ್ಪನವರ ಮನೆಯಲ್ಲಿ ಬಸುರಿ ಸೊಸೆ ಅಂದು ಕೋಣೆ ಬಿಟ್ಟು ಹೊರಬರಲಿಲ್ಲ. ಅದೇ ಶಿವಮೂರ್ತಪ್ಪನವರು ಜಡೆಯಲ್ಲಿ ಗುತ್ತಿಗೆಗೆ ಹಿಡಿದ ಹೊಲದಲ್ಲಿ ಅವ್ವ ಕುಡುಗೋಲು ಹಿಡಿದು ಕೂತಿದ್ದಳು. ಲಾರಿ ಬಂದು ನಿಂತಿದೆ, ಗ್ರಹಣ ಗಿರಣ ನಮಗಲ್ಲ ಅಂದನಂತೆ ಮೇಸ್ತ್ರಿ.

ನಾನು ಹುಟ್ಟಿದ ಮೇಲೆ ಎಲ್ಲರೂ ಒಂದೇ ಮಾತು ಆಡಿದರು. ಹುಲಿಯಮ್ಮ ಗ್ರಹಣದಲ್ಲಿ ಕತ್ತರಿಸಿದಳು, ಮಗುವಿನ ತುಟಿ ಕತ್ತರಿಸಿಹೋಯಿತು. ಅಪ್ಪ ಯಲ್ಲಪ್ಪನೂ ಅದನ್ನೇ ಅಂದ. ಅಂದವನು ಹಾನಗಲ್ ಕಡೆ ಹೋಗಿ ಬೇರೆ ಸಂಸಾರ ಹೂಡಿದ. ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ ಎಂದು ಎಂಟನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ಹೇಳಿದರು. ಓಡಿ ಬಂದು ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. ತಪ್ಪು ತನ್ನದು ಎಂದುಕೊಂಡು ಅಷ್ಟು ವರ್ಷ ಬದುಕಿದವಳು ಒಂದು ಪಾಠಕ್ಕೆ ನಂಬುತ್ತಾಳೆಯೇ.

ನನಗೆ ಆರು ವರ್ಷವಾದಾಗ ಸೀಳುತುಟಿ ಮಕ್ಕಳಿಗೆಂದೇ ಇರುವ ಒಂದು ಟ್ರಸ್ಟಿನವರು ಬಂದರು. ತಾಲೂಕಿಗೆ ಅದರ ಕಾರ್ಯದರ್ಶಿ ಶಿವಮೂರ್ತಪ್ಪನವರೇ. ವರ್ಷಕ್ಕೊಮ್ಮೆ ಶಿಕಾರಿಪುರದ ಅವರ ಕಲ್ಯಾಣ ಮಂಟಪದಲ್ಲಿ ಶಿಬಿರ. ಸೀಳುತುಟಿ ಹೊಲಿಸಿಕೊಂಡ ಮಕ್ಕಳೆಲ್ಲ ಬರಬೇಕು. ಅಲ್ಲಿ ಒಂದು ಗುಲಾಬಿ ಪುಡಿಯನ್ನು ನೀರಿನಲ್ಲಿ ಕಲಸುತ್ತಾರೆ. ಲಾಳದ ಆಕಾರದ ಉಕ್ಕಿನ ತಟ್ಟೆಯಲ್ಲಿ ತುಂಬಿ ಬಾಯಿಗೆ ತುರುಕಿ ಒತ್ತಿ ಹಿಡಿಯುತ್ತಾರೆ. ಅದು ಗಂಟಲಿಗೆ ಇಳಿಯುತ್ತದೆ. ಓಕರಿಕೆ ಬರುತ್ತದೆ, ಕಣ್ಣು ಮೂಗು ಎಲ್ಲ ಸುರಿಯುತ್ತದೆ. ಗಟ್ಟಿಯಾಗುವವರೆಗೂ ಮಿಸುಕಬಾರದು. ಆಮೇಲೆ ಕಿತ್ತು ತೆಗೆಯುತ್ತಾರೆ. ಅದರಲ್ಲಿ ಬಿಳಿ ಗಾರೆ ಸುರಿದರೆ ನನ್ನ ಹಲ್ಲು, ನನ್ನ ಅಂಗುಳ, ಎಲ್ಲದರ ಅಚ್ಚು ಸಿಗುತ್ತದೆ. ಜೊತೆಗೆ ಮುಖದ ಪಕ್ಕದಿಂದ ಒಂದು ಎಕ್ಸ್‌ರೇ. ಮುಗಿಯಿತು, ಮುಂದಿನ ವರ್ಷ ಬನ್ನಿ.

ಅವ್ವ ಅದನ್ನು ಹಿಟ್ಟು ಕಚ್ಚಿಸುವುದು ಎಂದು ಕರೆದಳು. ಆ ಹಿಟ್ಟೇ ಔಷಧಿ ಎಂದುಕೊಂಡಳು. ವರ್ಷ ವರ್ಷ ಕಚ್ಚಿಸಿದರೆ ಹಿಂದೆ ಸರಿದ ದವಡೆಯನ್ನು ಅದು ಮುಂದೆ ಎಳೆದು ತರುತ್ತದೆ ಎಂದು ನಂಬಿದಳು. ಔಷಧಿ ಎಂದಮೇಲೆ ಪಥ್ಯ ಬೇಕಲ್ಲ. ಮೊದಲ ವರ್ಷವೇ ದೊಡ್ಡ ಡಾಕ್ಟರು ಮಹಾಂತೇಶ್ ಅವರನ್ನು ಕೇಳಿದಳು.

“ಪಥ್ಯ ಎಂತ ಮಾಡ್ಬೇಕು ಸಾರ್?”

ಅವರು ನಕ್ಕರು. “ಮಾಡಮ್ಮ, ಒಳ್ಳೇದೇ,” ಅಂದರು. ಪಕ್ಕದಲ್ಲಿದ್ದವರೂ ನಕ್ಕರು. ಡಾಕ್ಟರು ನಗುನಗುತ್ತ ಮಾತಾಡಿಸಿದರು ಎಂದು ಅವ್ವ ಕೇರಿಗೆಲ್ಲ ಹೇಳಿಕೊಂಡು ಬಂದಳು.

ಅಂದಿನಿಂದ ಪ್ರತಿ ವರ್ಷ ಹಿಟ್ಟಿನ ದಿನದಿಂದ ಹನ್ನೆರಡು ದಿನ ನನಗೆ ಬಿಸಿ ಇಲ್ಲ, ಖಾರ ಇಲ್ಲ, ಒಣಮೀನು ಇಲ್ಲ. ಬರೀ ತಣ್ಣನೆ ಗಂಜಿ. ಅವಳ ಪಥ್ಯ ನನಗಿಂತ ದೊಡ್ಡದು. “ಬದ್ನೆಕಾಯಿ ನಂಜು ಕಣೆ. ನಿನ್ ಹಿಟ್ಟು ಮುಗಿಯೋ ತಂಕ ನಾನೂ ಮುಟ್ಟಲ್ಲ,” ಅಂದಳು. ಬದನೆಕಾಯಿ ಎಂದರೆ ಅವ್ವನಿಗೆ ಪ್ರಾಣ. ಹನ್ನೊಂದು ವರ್ಷ ಮುಟ್ಟಲಿಲ್ಲ. ಮದುವೆ ಊಟದಲ್ಲಿ ಎಲೆಗೆ ಬಿದ್ದರೆ ಬದಿಗೆ ಸರಿಸಿ ಕೈ ತೊಳೆದು ಬಂದು ಕೂರುತ್ತಿದ್ದಳು.

ಈ ವರ್ಷ ಶಿಬಿರದ ಹಿಂದಿನ ವಾರ ಶಿವಮೂರ್ತಪ್ಪನವರೇ ಫೋನ್ ಮಾಡಿದರು. ಇದೇ ಕೊನೇ ಅಚ್ಚು, ತಪ್ಪಿಸಬೇಡಿ ಅಂದರು. ಕೊನೆಯದು ಎಂದರೆ ವಾಸಿಯಾಗುತ್ತದೆ ಎಂದು ಅವ್ವ ತಿಳಿದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ವಾಪಸ್ ಬರುವಾಗ ಬಳ್ಳಿಗಾವಿಯಲ್ಲಿ ಇಳಿದು ದೇವಸ್ಥಾನದಲ್ಲಿ ಒಡೆಸಲು ಚೀಲದಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡಳು.

ನನಗೆ ಕಾಲು ನಿಲ್ಲುತ್ತಿರಲಿಲ್ಲ. ಆನವಟ್ಟಿಯಲ್ಲಿ ಬಸ್ಸು ಬದಲಿಸಿದೆವು. ಸೀಟು ಸಿಕ್ಕರೂ ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಮುಖಕ್ಕೆ ಮಾಸ್ಕ್ ಇತ್ತು. ಕೊರೊನಾ ಹೋಗಿ ವರ್ಷಗಳಾದರೂ ನಾನು ಮಾಸ್ಕ್ ಬಿಟ್ಟಿಲ್ಲ. ಎಲ್ಲರೂ ಮೂತಿ ಮುಚ್ಚಿಕೊಂಡಿದ್ದ ಆ ಎರಡು ವರ್ಷ ನಾನೂ ಎಲ್ಲರಂತೆ ಇದ್ದೆ. ಜನ ಸಾಯುತ್ತಿದ್ದಾಗ ನಾನು ಸುಖವಾಗಿದ್ದೆ ಎನ್ನಲು ನಾಚಿಕೆಯಾಗುತ್ತದೆ. ಆದರೂ ಇದ್ದೆ.

“ಹನ್ನೊಂದು ಸಲ ಕಚ್ಚಿದೆನಲ್ಲವ್ವ. ಮುಖ ಒಂದ್ ಎಳೆ ಮುಂದೆ ಬಂತಾ?”

“ಕಡೇ ಹಿಟ್ಟಿಗೆ ಬತ್ತದೆ.”

“ಯಾರು ಹೇಳಿದ್ದು?”

“ಸುಮ್ನಿರು. ಹೋಗೋವಾಗ ಅಪಶಕುನ ಆಡ್ಬೇಡ.”

ಮಂಟಪದ ಬಾಗಿಲಿಗೆ ಅದೇ ಬ್ಯಾನರ್. ಎಡಗಡೆ ಸೀಳಿದ ತುಟಿಯ ಕೂಸು, ಬಲಗಡೆ ನಗುವ ಕೂಸು. ಎರಡೂ ನಾನೇ. ಹೋದ ವರ್ಷ ವೇದಿಕೆ ಕಾರ್ಯಕ್ರಮ ಇತ್ತು. ಬ್ಯಾನರಿನ ಮಗು ಇವಳೇ ಎಂದು ತೋರಿಸಲು ನನ್ನನ್ನು ಕರೆಸಿದ್ದರು. ಶಿವಮೂರ್ತಪ್ಪನವರು ಮಾಸ್ಕ್ ತೆಗೆಸಿ ನೋಡಿದರು. ನೋಡಿ ಮಾಸ್ಕ್ ಹಾಕಿಕೋ ಅಂದರು. “ನೀ ಅಡಿಗಿಮನಿ ಕಡೆ ಕುಂದ್ರವಾ. ಎಳೇ ಕೂಸಿನ ತಾಯಂದ್ರು ಬಂದಾರ, ಗಾಬರಿ ಆಗ್ತಾರ.” ನನ್ನ ಚಿತ್ರದ ಕೆಳಗೆ ಬೇರೆ ಮಗುವನ್ನು ನಿಲ್ಲಿಸಿ ಶಾಲು ಹೊದಿಸಿದರು. ನಾನು ಅಡಿಗೆಮನೆಯಲ್ಲಿ ಕೂತು ಚಪ್ಪಾಳೆ ಕೇಳಿದೆ.

ಈ ಸಲ ಹೊಸ ಡಾಕ್ಟರೊಬ್ಬರು ಬಂದಿದ್ದರು. ಧನ್ಯಾ ಅಂತ. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಶಿಬಿರಕ್ಕೆ ಇರುವುದು ಒಂದೇ ಒರಗು ಕುರ್ಚಿ. ಅದರ ಮೇಲೆ ನನ್ನನ್ನು ಕೂರಿಸಿ, ಬ್ಯಾಟರಿ ಬಿಟ್ಟು ಬಾಯಿ ನೋಡಿದರು. ಹುಬ್ಬು ಗಂಟಿಕ್ಕಿದರು.

“ಒಸಡಿಗೆ ಮೂಳೆ ಹಾಕಿಸ್ಲಿಲ್ವಾ?”

“ಎಂತ ಮೂಳೆ?” ಅವ್ವ ಕೇಳಿದಳು.

“ಸೊಂಟದ ಮೂಳೆ ಸ್ವಲ್ಪ ತೆಗ್ದು ಒಸಡಿನ ಸೀಳಿಗೆ ತುಂಬ್ತಾರಮ್ಮ. ಒಂಬತ್ತು ಹತ್ತು ವರ್ಷಕ್ಕೆ ಆಗ್ಬೇಕಿತ್ತು. ಆಮೇಲೆ ಹಲ್ಲಿಗೆ ತಂತಿ. ಬೆಳವಣಿಗೆ ನಿಂತ ಮೇಲೆ ದವಡೆ ಆಪರೇಷನ್. ಯಾವ್ದೂ ಮಾಡಿಸಿಲ್ವಾ?”

“ಹಿಟ್ಟು ಕಚ್ಚಿಸ್ತಾ ಇದೀವಲ್ಲ ಡಾಕ್ಟ್ರೇ. ಹನ್ನೊಂದು ವರ್ಷದಿಂದ. ಒಂದು ವರ್ಷನೂ ತಪ್ಸಿಲ್ಲ.”

ಧನ್ಯಾ ಅರ್ಥವಾಗದೆ ಅವ್ವನನ್ನು ನೋಡಿದರು. ಆಮೇಲೆ ಅರ್ಥವಾಯಿತು. ಬ್ಯಾಟರಿ ಆರಿಸಿದರು.

“ಅಮ್ಮ, ಅದು ಬರೀ ಅಳತೆ. ಔಷಧಿ ಅಲ್ಲ.”

ಅವ್ವ ನಕ್ಕಳು. ತಮಾಷೆ ಎಂದುಕೊಂಡಳು. ನಾನು ಕುರ್ಚಿಯಿಂದ ಕೈ ಚಾಚಿ ಮೇಜಿನ ಮೇಲಿದ್ದ ನನ್ನ ಫೈಲು ಎಳೆದುಕೊಂಡೆ. ಧನ್ಯಾ ತಡೆಯಲಿಲ್ಲ. ಇಂಗ್ಲಿಷಿನಲ್ಲಿತ್ತು. ಅಷ್ಟು ಇಂಗ್ಲಿಷ್ ನನಗೆ ಈಗ ಬರುತ್ತದೆ. ಮೊದಲ ಹಾಳೆಯಲ್ಲಿ ಬೆಳವಣಿಗೆಯ ಅಧ್ಯಯನ, ಅಳತೆ ಮಾತ್ರ ಎಂದಿತ್ತು. ಕೆಳಗೆ ಅವ್ವನ ಹೆಬ್ಬೆಟ್ಟು. ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷದ ಹಾಳೆ ತೆಗೆದೆ. ಮೂಳೆ ಹಾಕಲು ಇದೇ ಸಮಯ ಎಂದು ಬರೆದಿತ್ತು. ಮುಂದಿನ ವರ್ಷದ ಹಾಳೆಯಲ್ಲಿ, ಹಾಕಿಲ್ಲ. ಅದರ ಮುಂದಿನ ವರ್ಷ, ಹಾಕಿಲ್ಲ, ಮೇಲ್ದವಡೆ ಹಿಂದೆ. ಆಮೇಲೆ ಇನ್ನೂ ಹಿಂದೆ. ಎಷ್ಟು ಹಿಂದೆ ಎಂದು ಪ್ರತಿ ವರ್ಷ ಅಂಕಿ ಹಾಕಿದ್ದರು. ಅಕ್ಷರ ದುಂಡಗೆ ಚೆಂದ ಇತ್ತು.

ನಾನು ಹಿಂದೆ ಬೀಳುವುದನ್ನು ಇವರು ಕೂತು ನೋಡಿದ್ದಾರೆ. ನೋಡಿ ಬರೆದುಕೊಂಡಿದ್ದಾರೆ. ಒಂದು ಮಾತು ನಮಗೆ ಹೇಳಿಲ್ಲ.

“ಈಗ ಆಗುತ್ತಾ ಮೇಡಂ?” ಕೇಳಿದೆ.

“ಆಗುತ್ತೆ. ಕಷ್ಟ, ಆದ್ರೂ ಆಗುತ್ತೆ. ಮಕ್ಕಳ ಯೋಜನೇಲಿ ದೊಡ್ಡಾಸ್ಪತ್ರೆಲಿ ಪುಕ್ಕಟೆ. ಹದಿನೆಂಟು ತುಂಬೋದ್ರೊಳಗೆ ಸೇರ್ಕೋಬೇಕು. ನಿಂಗೆ ಎಷ್ಟು?”

“ಇನ್ನು ಏಳು ತಿಂಗಳಿದೆ.”

“ಹಾಗಾದ್ರೆ ಬೇಗ ಹೋಗು. ಹಳೇ ಆಪರೇಷನ್ ಕಾಗದ, ಎಕ್ಸ್‌ರೇ ಎಲ್ಲ ಕೇಳ್ತಾರೆ.”

ಆ ಕಾಗದಗಳು ಇದೇ ಫೈಲಿನಲ್ಲಿದ್ದವು. ಜೋಪಾನ ಮಾಡುತ್ತೇವೆ ಎಂದು ಮೊದಲ ವರ್ಷವೇ ಅವ್ವನ ಕೈಯಿಂದ ತೆಗೆದುಕೊಂಡಿದ್ದರು.

ಅಷ್ಟರಲ್ಲಿ ಮಹಾಂತೇಶ್ ಬಂದರು. ಕೈಯಲ್ಲಿ ಉಕ್ಕಿನ ತಟ್ಟೆ, ಅದರ ತುಂಬ ಗುಲಾಬಿ ಹಿಟ್ಟು. ನನ್ನ ಮಡಿಲಲ್ಲಿದ್ದ ಫೈಲನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟರು. “ಬಾಯಿ ತೆಗಿಯಮ್ಮ.”

“ಫೈಲು ಕೊಡಿ ಸಾರ್. ಆಮೇಲೆ ತೆಗೀತೀನಿ.”

“ಫೈಲ್ ಟ್ರಸ್ಟಿಂದು. ಮೊದ್ಲು ಅಚ್ಚು ಆಗ್ಲಿ. ಆಮೇಲೆ ನೋಡೋಣ.”

“ಮೂರನೇ ಕ್ಲಾಸಿಂದ ನೋಡ್ತಾನೇ ಇದೀರಿ.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗುವ ಮನುಷ್ಯರಲ್ಲ ಅವರು. ಮೆತ್ತಗೆ ಮಾತಾಡುತ್ತಾರೆ, ತಲೆ ಸವರುತ್ತಾರೆ. “ನೋಡು, ಈ ಅಧ್ಯಯನದಿಂದ ಮುಂದೆ ಎಷ್ಟೋ ಮಕ್ಕಳಿಗೆ ಅನುಕೂಲ ಆಗುತ್ತೆ. ಹನ್ನೆರಡೂ ಅಚ್ಚು ಇರೋದು ನೀನೊಬ್ಳದ್ದೇ. ಇದೊಂದು ಇಲ್ಲಾಂದ್ರೆ ಹಿಂದಿನ ಹನ್ನೊಂದೂ ವ್ಯರ್ಥ.”

ಅದನ್ನು ಅವರು ಹೇಳಬಾರದಿತ್ತು. ನನ್ನ ಬಾಯಿ ಅವರಿಗೆ ಎಷ್ಟು ಬೇಕು ಎಂದು ಅವರೇ ಕಲಿಸಿಕೊಟ್ಟರು. ನಾನು ತುಟಿ ಬಿಗಿದೆ. ಹೊಲಿದ ತುಟಿ ಅದು, ಬಿಗಿಯಲು ಚೆನ್ನಾಗಿ ಬರುತ್ತದೆ. ತಟ್ಟೆಯಲ್ಲಿದ್ದ ಹಿಟ್ಟು ಕಲ್ಲಾಯಿತು. ಅದನ್ನು ಕೆರೆದು ಎಸೆದು ಇನ್ನೊಂದು ಸಲ ಕಲಸಲು ಹೇಳಿದರು.

ಯಾರೋ ಹೋಗಿ ಶಿವಮೂರ್ತಪ್ಪನವರಿಗೆ ಸುದ್ದಿ ಮುಟ್ಟಿಸಿದರು. ಬಂದವರೇ ನನ್ನ ಕಡೆ ನೋಡಲೂ ಇಲ್ಲ. ಅವ್ವನನ್ನು ಹಿಡಿದರು.

“ಏನವಾ ಹುಲಿಯವ್ವ, ಇದೇನು ನಿನ್ನ ಮಗಳ ರಂಪ? ಪುಕ್ಸಟ್ಟೆ ತುಟಿ ಹೊಲ್ಸಿದ್ದು ಮರ್ತುಬಿಟ್ರೇನು?”

ತುಟಿ ಹೊಲಿದವರು ಬೇರೆ. ಇವರು ಬ್ಯಾನರ್ ಕಟ್ಟಿದವರು. ಅವ್ವ ತಲೆ ತಗ್ಗಿಸಿದಳು.

“ಜಡೀ ಕಡೆ ನನ್ನ ಹೊಲ ಅದಾವ, ಗೊತ್ತೈತಲ್ಲ? ನಾಳಿಂದ ಯಾರ ಹೊಲದಾಗ ಶುಂಠಿ ಕೀಳ್ತೀಯೋ ನೋಡ್ತೀನಿ. ಹಿಡ್ಕೋ ಅಕೀ ತಲಿ.”

ಫೈಲನ್ನು ಬಗಲಿಗೆ ಇರುಕಿಕೊಂಡು ಅವರು ಪಕ್ಕದ ಆಫೀಸು ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಪ್ರತಿ ವರ್ಷ ನನ್ನ ತಲೆ ಹಿಡಿಯುವವಳು ಅವ್ವನೇ. ಕುರ್ಚಿಯ ಹಿಂದೆ ನಿಂತು ಎರಡೂ ಕೈಯಲ್ಲಿ ನನ್ನ ಕಪಾಳ ಒತ್ತಿ ಹಿಡಿಯುತ್ತಾಳೆ. ಶುಂಠಿಯ ಘಾಟು ಮೂಗಿಗೆ ಬಡಿಯುತ್ತದೆ. ತಡ್ಕೊ ಮಗಾ, ತಡ್ಕೊ, ಆಯ್ತು ಅನ್ನುತ್ತಾಳೆ. ಈಗಲೂ ಅವಳು ಹಿಂದೆ ಬಂದು ನಿಂತಳು. ಮಹಾಂತೇಶ್ ಹೊಸ ಹಿಟ್ಟಿನ ತಟ್ಟೆ ಎತ್ತಿದರು. ಅವ್ವನ ಕೈ ನನ್ನ ಕಪಾಳಕ್ಕೆ ಬಂತು. ಹನ್ನೊಂದು ವರ್ಷದ ಅಭ್ಯಾಸ, ಆ ಕೈ ತಾಗಿದ ಕೂಡಲೇ ನನ್ನ ದವಡೆ ತಾನಾಗಿ ಸಡಿಲವಾಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವ್ವನ ಬಲಗೈ ಕಪಾಳದಿಂದ ಕೆಳಗಿಳಿಯಿತು. ಇಳಿದು ನನ್ನ ಬಾಯಿ ಮುಚ್ಚಿತು.

ಒರಟು ಅಂಗೈ. ತುಟಿ ಉರಿಯಿತು. ಹಿಡಿತ ಬಿಗಿಯಾಗಿತ್ತು.

“ಕೈ ತೆಗಿಯಮ್ಮ,” ಮಹಾಂತೇಶ್ ಅಂದರು.

“ಸಾರ್, ಪಥ್ಯ ಮಾಡು ಅಂದ್ರಲ್ಲ.”

“ಏನು?”

“ಮೊದಲ್ನೇ ವರ್ಷ ಕೇಳಿದ್ನಲ್ಲ, ಪಥ್ಯ ಎಂತ ಮಾಡ್ಬೇಕು ಅಂತ. ಮಾಡಮ್ಮ ಒಳ್ಳೇದೇ ಅಂದ್ರಿ. ಈ ಕೂಸಿಗೆ ತಣ್ಣಗಂಜಿ ಕುಡಿಸ್ದೆ. ಅತ್ತು ಕರೆದ್ರೂ ಬಿಸಿ ಕೊಡ್ಲಿಲ್ಲ. ಬರೀ ಅಳತೆ ಕಣಮ್ಮ, ಪಥ್ಯ ಎಂತಕ್ಕೆ ಅನ್ನೋಕೆ ನಿಮ್ಗೆ ಎಷ್ಟೊತ್ತು ಬೇಕಿತ್ತು?”

ಅವಳ ದನಿ ಏರಲಿಲ್ಲ. ಏರಿದ್ದರೆ ಮಹಾಂತೇಶ್ ಅವರಿಗೆ ಅನುಕೂಲವಾಗುತ್ತಿತ್ತು. ಅವರು ತಟ್ಟೆ ನೋಡಿದರು, ನೆಲ ನೋಡಿದರು.

“ನನಗೆ ನೆನಪಿಲ್ಲಮ್ಮ.”

“ನಂಗ್ ನೆನಪಿದೆ.”

ಸಾಲಿನಲ್ಲಿ ಇಪ್ಪತ್ತು ಮೂವತ್ತು ತಾಯಂದಿರಿದ್ದರು. ಎಲ್ಲರ ಪಕ್ಕದಲ್ಲೂ ಒಂದೊಂದು ಹೊಲಿದ ತುಟಿ. ಬಳ್ಳಿಗಾವಿಯ ಲೋಕಮ್ಮ ಎಂಬವಳು ಮುಂದೆ ಬಂದಳು. ಅವಳ ಮಗಳಿಗೆ ಎಂಟು ವರ್ಷ.

“ನಮ್ಮ ಹುಡುಗೀಗೂ ಬರೀ ಅಳತೇನಾ ಸಾರ್?”

ಲೋಕಮ್ಮ ಧನ್ಯಾ ಕಡೆ ತಿರುಗಿದಳು. ಧನ್ಯಾ ತಮ್ಮ ದೊಡ್ಡ ಡಾಕ್ಟರ ಮುಖ ನೋಡಿದರು. ಆಮೇಲೆ ಅಂದರು, “ಹೌದಮ್ಮ. ಅವಳಿಗೆ ಮೂಳೆ ಹಾಕ್ಸೋ ವಯಸ್ಸು ಈಗ ಬಂತು. ಕಾಗದ ಕೇಳಿ ತಗೊಳ್ಳಿ.”

ಲೋಕಮ್ಮ ಮಗಳನ್ನು ಹತ್ತಿರ ಎಳೆದು ಸೆರಗಿನಿಂದ ಅವಳ ಬಾಯಿ ಮುಚ್ಚಿ ನೆಲದ ಮೇಲೆ ಕೂತುಬಿಟ್ಟಳು. ಇನ್ನೊಬ್ಬಳು ಕೂತಳು. ಗಲಾಟೆ ಇಲ್ಲ, ಘೋಷಣೆ ಇಲ್ಲ. ಸಾಲು ಇದ್ದದ್ದು ಇದ್ದ ಹಾಗೇ ನೆಲಕ್ಕೆ ಇಳಿಯಿತು. ನಾನು ಒರಗು ಕುರ್ಚಿಯಲ್ಲಿದ್ದೆ. ನಾನು ಏಳದೆ ಅವತ್ತು ಯಾರ ಅಚ್ಚೂ ಇಲ್ಲ. ಕೂತೇ ಇದ್ದೆ. ಬೆಳಗಿನಿಂದ ನಿಲ್ಲದ ಕಾಲು ಆಗಲೂ ಕುಣಿಯುತ್ತಿತ್ತು.

ಒಂದು ಗಂಟೆ ಹೊತ್ತು ಹಾಗೇ ಹೋಯಿತು. ಒಳಗೆ ಶಿವಮೂರ್ತಪ್ಪನವರು ಯಾರಿಗೋ ಫೋನಿನಲ್ಲಿ ಕೂಗಾಡುವುದು ಕೇಳುತ್ತಿತ್ತು. ಮಹಾಂತೇಶ್ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ತಾವೇ ಒಳಗೆ ಹೋದರು. ಒಳಗಿನ ಕೂಗಾಟ ಜೋರಾಯಿತು, ಆಮೇಲೆ ನಿಂತಿತು. ಹೊರಗೆ ಬಂದಾಗ ಅವರ ಕೈಯಲ್ಲಿ ನನ್ನ ಫೈಲಿತ್ತು. ಕುರ್ಚಿಯ ತೋಳಿನ ಮೇಲೆ ಇಟ್ಟರು. ನಾನು ಬಿಚ್ಚಿ ನೋಡಿದೆ. ಆಪರೇಷನ್ ಕಾಗದ ಎರಡೂ ಇದ್ದವು. ಎಕ್ಸ್‌ರೇಗಳೂ ಇದ್ದವು. ಅವ್ವ ಫೈಲನ್ನು ತೆಂಗಿನಕಾಯಿಯ ಚೀಲಕ್ಕೆ ಹಾಕಿ ಚೀಲದ ಬಾಯಿ ಗಂಟು ಕಟ್ಟಿದಳು.

“ಕಾಯಿ ಒಡ್ಸೋದು ಬ್ಯಾಡ,” ಅಂದಳು ನನಗೆ. “ಚಟ್ನಿಗಾಯ್ತು.”

ಉಳಿದ ಮಕ್ಕಳ ಕಾಗದ ಇನ್ನೂ ಒಳಗೇ ಇದ್ದವು, ಸಾಲು ಏಳಲಿಲ್ಲ, ನಾನೂ ಕುರ್ಚಿ ಬಿಡಲಿಲ್ಲ. ಊಟದ ಹೊತ್ತಾಗಿತ್ತು. ಶಿಬಿರದ ದಿನ ಮಂಟಪದಲ್ಲೇ ಊಟ. ಸಾಲು ಎದ್ದು ಊಟದ ಮನೆಗೆ ಬರುವುದಿಲ್ಲ ಎಂದು ಬಡಿಸುವವರಿಗೆ ಗೊತ್ತಾಗಿ ಬಕೆಟ್ ಹಿಡಿದುಕೊಂಡು ಅವರೇ ಬಂದರು. ರೊಟ್ಟಿ, ಅನ್ನ, ಸಾರು, ಬದನೆಕಾಯಿ ಎಣ್ಣೆಗಾಯಿ. ಪ್ರತಿ ವರ್ಷ ಅದೇ ಅಡಿಗೆ. ಪ್ರತಿ ವರ್ಷ ಅವ್ವ ಎರಡೂ ಕೈ ಅಡ್ಡ ಹಿಡಿದು ಬೇಡ ಅನ್ನುತ್ತಿದ್ದಳು.

ಅವ್ವ ಕುರ್ಚಿಯ ಬುಡದಲ್ಲಿ ಕೂತು ತಟ್ಟೆ ಒಡ್ಡಿದಳು.

“ಬದ್ನೆಕಾಯಿ ಹಾಕಿ. ಇನ್ನೊಂದು ಹಾಕಿ. ಎಣ್ಣೆನೂ ಬರ್ಲಿ.”

ಮೊದಲ ತುತ್ತು ಬಾಯಿಗಿಟ್ಟುಕೊಂಡು ಅಗಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದಳು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಅವಳಿಗೆ ತನ್ನ ಕೈ ಗೊತ್ತು. ಆಮೇಲೆ ಗಬಗಬ ತಿಂದಳು. ಅಷ್ಟು ಹಸಿದವಳಂತೆ ಅವ್ವ ತಿನ್ನುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮಹಾಂತೇಶ್ ಮತ್ತೆ ಬಂದರು. ಹಿಟ್ಟನ್ನು ಮೂರನೇ ಸಲ ಕಲಸಿ ತಟ್ಟೆಗೆ ತುಂಬಿದ್ದರು.

“ಫೈಲ್ ಕೊಟ್ಟಾಯ್ತಲ್ಲಮ್ಮ. ಕೊಟ್ರೆ ತೆಗೀತೀನಿ ಅಂತ ನೀನೇ ಅಂದಿದ್ದೆ. ಈಗ ಬಾಯಿ ತೆಗಿ.”

ಗದ್ದದ ಕೆಳಗೆ ಇಳಿಸಿಕೊಂಡಿದ್ದ ಮಾಸ್ಕನ್ನು ನಾನು ತೆಗೆದು, ಮಡಚಿ ಜೇಬಿಗಿಟ್ಟುಕೊಂಡೆ. ಅವ್ವ ರೊಟ್ಟಿ ಸಣ್ಣಗೆ ಹರಿದು, ಬದನೆಕಾಯಿ ಒತ್ತಿ, ಬಿಸಿಬಿಸಿ ತುತ್ತು ಮಾಡಿ ಕೈ ಎತ್ತಿದಳು.

ಬಾಯಿ ತೆಗೆದೆ. ತುತ್ತು ತೆಗೆದುಕೊಂಡೆ. ನನಗೆ ಅಗಿಯಲು ಬಹಳ ಹೊತ್ತು ಬೇಕು, ಅದೂ ಅವರ ಫೈಲಿನಲ್ಲಿ ಬರೆದಿದೆ. ನಿಧಾನವಾಗಿ ಅಗಿದೆ. ನುಂಗಿದೆ. ಅವ್ವನ ಕಡೆ ಮತ್ತೆ ಬಾಯಿ ತಿರುಗಿಸುವ ಮೊದಲು ಹೇಳಿದೆ.

“ಮೊದ್ಲು ಊಟ ಆಗ್ಲಿ ಸಾರ್. ಆಮೇಲೆ ನೋಡೋಣ.”

ಅವರ ಕೈಯಲ್ಲಿ ಹಿಟ್ಟು ಗಟ್ಟಿಯಾಗುತ್ತಿತ್ತು.